ನಮ್ಮ ವಿಮಾನದ ತಾತ

ಅಮ್ಮನ ಅಪ್ಪ, ನಮ್ಮ ತಾತ, 92 ವರ್ಷ ಬಾಳಿ 2025ರ ದೀಪಾವಳಿ ಕಳೆದ ವಾರದಲ್ಲಿ ಛತ್ರಪತಿ ಸಂಭಾಜಿನಗರದ ನಮ್ಮ ಮನೆಯಲ್ಲಿ ತೀರಿಕೊಂಡರು. ಸಿಡ್ಕೋ ಬಡಾವಣೆಯ ಮಕ್ಕಳಿಗೆಲ್ಲ ಅವರು ‘ವಿಮಾನವಾಲೆ ಆಜೋಬಾ’. ಪೈಲಟ್ ಆಗಿದ್ದವರೆಂದೇ ಬಹಳ ಜನ ತಿಳಿದಿದ್ದರು. ಅಲ್ಲ, ತಾತ ಫಿಟ್ಟರ್. 38 ವರ್ಷ ವಿಮಾನ ಕಟ್ಟಿದವರು. ತಾವೇ ವಿಮಾನ ಹತ್ತಿದ್ದು ಮಾತ್ರ ನಿವೃತ್ತಿಯಾದ ಮೇಲೆ.

ಹಾರಾಟದ ಹುಚ್ಚು ಹಿಡಿದದ್ದು ಬೆಳ್ಳಂದೂರು ಕೆರೆ ದಂಡೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆಂದು ಕ್ಯಾಟಲೀನಾ ವಿಮಾನಗಳು ಬರುತ್ತಿದ್ದವು. ಅವು ನೀರಿನ ಮೇಲೆ ಇಳಿಯುವಂಥವು. ಬೆಳ್ಳಂದೂರು ಕೆರೆಯೇ ಅವಕ್ಕೆ ರನ್‌ವೇ. ಎಮ್ಮೆಗಳ ಮೈ ತೊಳೆಯಲು ಹೋಗಿದ್ದ ಹತ್ತು ವರ್ಷದ ಹುಡುಗನ ಕಣ್ಣೆದುರೇ ಒಂದು ವಿಮಾನ ನೀರು ಸೀಳಿಕೊಂಡು ಇಳಿಯಿತು. ಎಮ್ಮೆಗಳು ದಿಕ್ಕಾಪಾಲಾದವು, ತಾತ ಮಾತ್ರ ಕದಲಲಿಲ್ಲ. “ಎಮ್ಮೆ ಹುಡುಕೋ ಹೊತ್ತಿಗೆ ಕತ್ತಲಾಯ್ತು, ಅಪ್ಪನ ಕೈಲಿ ಏಟೂ ಬಿತ್ತು. ಆದ್ರೂ ಲಾಭವೇ” ಎನ್ನುತ್ತಿದ್ದರು. 1953ರಲ್ಲಿ ಅದೇ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದರು.

1964ರಲ್ಲಿ ಎಚ್‌ಎಎಲ್ ರೂಪುಗೊಂಡಿತು. ಮಿಗ್-21ರ ಎಂಜಿನ್ ಕೋರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ ಉಪಕರಣಗಳು ಹೈದರಾಬಾದಿನಲ್ಲಿ, ವಿಮಾನದ ಒಡಲು ನಾಸಿಕ್ ಬಳಿಯ ಓಝರ್‌ನಲ್ಲಿ ಎಂದು ನಿಶ್ಚಯವಾಯಿತು. 1967ರಲ್ಲಿ ತಾತನಿಗೆ ಓಝರ್‌ಗೆ ವರ್ಗ. ಅಜ್ಜಿಯ ಕಂಕುಳಲ್ಲಿ ಎರಡು ವರ್ಷದ ನಮ್ಮಮ್ಮ, ಟ್ರಂಕಿನಲ್ಲಿ ಅರ್ಧ ಮೂಟೆ ರಾಗಿ. ಸುತ್ತ ದ್ರಾಕ್ಷಿ ತೋಟ, ಈರುಳ್ಳಿ ಹೊಲ, ಅರ್ಥವಾಗದ ಮರಾಠಿ. ಪಕ್ಕದ ಊರಿನ ಹೆಸರು ಪಿಂಪಳಗಾಂವ್ ಬಸವಂತ ಎಂದು ಕೇಳಿ ಅಜ್ಜಿಗೆ ಸ್ವಲ್ಪ ಧೈರ್ಯ ಬಂತಂತೆ. ಸಂತೆಯಲ್ಲಿ ‘ನಾಗಲಿ’ ಎಂದು ಮಾರುತ್ತಿದ್ದುದು ನಮ್ಮ ರಾಗಿಯೇ ಎಂದು ತಿಳಿದ ದಿನ ಪೂರ್ತಿ ಧೈರ್ಯ ಬಂತು. ಊರು ಬಿಟ್ಟು ಬಂದ ಬೇಸರವನ್ನು ಯಾರಾದರೂ ಎತ್ತಿದರೆ ತಾತ ನಗುತ್ತಿದ್ದರು: “ಸೊಲ್ಲಾಪುರದ ವಾಲಚಂದ್ ಹೀರಾಚಂದ್ ನಮ್ಮೂರಿಗೆ ಬಂದು 1940ರಲ್ಲಿ ಕಾರ್ಖಾನೆ ಹಾಕಿದ್ರು. ಆ ಸಾಲ ತೀರಿಸೋಕೆ ನಾನು ಇಲ್ಲಿಗೆ ಬಂದೆ.”

ಭಾರತದಲ್ಲಿ 600ಕ್ಕೂ ಹೆಚ್ಚು ಮಿಗ್-21ಗಳು ತಯಾರಾದವು. ಅವುಗಳಲ್ಲಿ ಎಷ್ಟಕ್ಕೆ ತಾತ ರಿವೆಟ್ಟು ಹೊಡೆದರೋ ಲೆಕ್ಕವಿಲ್ಲ. ಮುಂದೆ ಅವು ಬೀಳುವ ಸುದ್ದಿಗಳು ಬರತೊಡಗಿದವು. ಯಾರ ತಪ್ಪು ಎಂಬ ಚರ್ಚೆಗೆ ತಾತ ಇಳಿಯುತ್ತಿರಲಿಲ್ಲ. ಅವರ ಪ್ರಶ್ನೆ ಒಂದೇ: “ಹುಡುಗ ಈಚೆ ಬಂದ್ನಂತಾ?” ಪೈಲಟ್ ಹಿಡಿ ಎಳೆದಾಗ ಮೇಲಿನ ಗಾಜಿನ ಮುಚ್ಚಳ ಹಾರಿಹೋಗಿ, ಕುರ್ಚಿಯ ಸಮೇತ ಅವನು ಹೊರಗೆ ಚಿಮ್ಮುವುದನ್ನು ನನಗೆ ಬೆಂಕಿಪೊಟ್ಟಣದಲ್ಲಿ ತೋರಿಸಿಕೊಟ್ಟಿದ್ದರು. ಬಂದ ಎಂದರೆ ಕಾಫಿ ಕೇಳುತ್ತಿದ್ದರು. ಬರಲಿಲ್ಲ ಎಂದರೆ ಆ ರಾತ್ರಿ ಊಟವಿಲ್ಲ.

ಅಮ್ಮ ಮದುವೆಯಾಗಿ ಬಂದದ್ದು ಸಂಭಾಜಿನಗರಕ್ಕೆ, ಆಗ ಔರಂಗಾಬಾದ್. ಅಪ್ಪನಿಗೆ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಕೆಲಸ. ತಾತ ತಿಂಗಳಿಗೊಮ್ಮೆ ಯೇವಲಾ, ವೈಜಾಪುರ ದಾಟಿ ಕೆಂಪು ಬಸ್ಸಿನಲ್ಲಿ ಬರುತ್ತಿದ್ದರು. ಚೀಲದಲ್ಲಿ ನಾಸಿಕ್ ಚಿವಡಾ, ದ್ರಾಕ್ಷಿ. 1993ರ ಏಪ್ರಿಲ್ 26ರಂದು ಇಲ್ಲಿನ ಚಿಕಲಠಾಣಾ ನಿಲ್ದಾಣದಿಂದ ಮೇಲೇಳುತ್ತಿದ್ದ ಪ್ರಯಾಣಿಕರ ವಿಮಾನ, ರನ್‌ವೇ ಆಚೆಯ ರಸ್ತೆಯಲ್ಲಿ ಹತ್ತಿ ಹೇರಿಕೊಂಡಿದ್ದ ಲಾರಿಗೆ ತಗುಲಿ ಬಿತ್ತು. 55 ಜನ ಸತ್ತರು. ನಮ್ಮ ಮನೆಯಲ್ಲಿ ಯಾರೂ ವಿಮಾನ ಹತ್ತಕೂಡದೆಂದು ಅಮ್ಮ ಕಟ್ಟಪ್ಪಣೆ ಮಾಡಿದರು. ಮರುವರ್ಷವೇ ತಾತ ಅದೇ ನಿಲ್ದಾಣದಿಂದ ಮುಂಬೈಗೆ ಟಿಕೆಟ್ ತೆಗೆಸಿದರು, ನನ್ನನ್ನೂ ಸೇರಿಸಿ! “ಕಟ್ಟಿದವನೇ ಹೆದರಿದ್ರೆ ಹತ್ತೋರು ಯಾರಮ್ಮಾ?” ಎಂದಾಗ ಅಮ್ಮನ ಬಳಿ ಉತ್ತರವಿರಲಿಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ಅವರ ಮೊದಲ ಹಾರಾಟ. ನಾನು ಮೋಡ ನೋಡುತ್ತಿದ್ದೆ, ತಾತ ರೆಕ್ಕೆಯ ರಿವೆಟ್ಟುಗಳನ್ನು ನೋಡುತ್ತಿದ್ದರು. ಇಳಿದ ಮೇಲೆ ಹೇಳಿದ್ದಿಷ್ಟೇ: “ಕೆಲ್ಸ ನೀಟಾಗಿ ಮಾಡಿದಾರೆ.”

ಅಜ್ಜಿ ಹೋದ ಮೇಲೆ ತಾತ ನಮ್ಮಲ್ಲೇ ಉಳಿದರು. ನನ್ನನ್ನು ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಬಿಟ್ಟು ಬರುತ್ತಿದ್ದರು. ಮುಂದೆ ನನ್ನ ಮಗನಿಗೆ ಕಾಗದದ ವಿಮಾನ ಮಡಿಸಿಕೊಟ್ಟರು. ಸಂಜೆಯಾದರೆ ತಾರಸಿ. ಇಳಿಯುವ ವಿಮಾನದ ಚಕ್ರಗಳು ಹೊರಬರುವವರೆಗೂ ಮಾತಿಲ್ಲ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ. ತಾತ ಟಿವಿ ಮುಂದೆ ಗೋಡೆ ಹಿಡಿದು ಎದ್ದು ನಿಂತರು. ಅಕ್ಟೋಬರ್ 17ರಂದು ನಾಸಿಕ್‌ನಲ್ಲೇ ತಯಾರಾದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. “ನಮ್ಮ ಹುಡುಗರು” ಎಂದು ಎರಡು ಸಲ ಹೇಳಿಕೊಂಡರು.

ಅಸ್ಥಿಯನ್ನು ನಾಸಿಕ್‌ನ ರಾಮಕುಂಡದಲ್ಲಿ ಬಿಟ್ಟೆವು. ಅಲ್ಲಿಂದ ಗೋದಾವರಿ ನಮ್ಮ ಜಿಲ್ಲೆಯ ಪೈಠಣಕ್ಕೇ ಹರಿದು ಬರುತ್ತಾಳೆ. ತಾತನ ಎರಡೂ ಊರು ಒಂದೇ ನದಿಯವು.

ನವೆಂಬರ್ 21ರ ಮಧ್ಯಾಹ್ನ, ದುಬೈ ಪ್ರದರ್ಶನದಲ್ಲಿ ತೇಜಸ್ ಬಿತ್ತೆಂದು ಮಗ ಮೊಬೈಲ್ ಹಿಡಿದು ಓಡಿಬಂದ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಮ್ಮನ ದನಿ ಕೇಳಿತು: “ಹುಡುಗ ಈಚೆ ಬಂದ್ನಂತಾ?”

ಬಂದಿರಲಿಲ್ಲ. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ.