ಸಣ್ಣ ಗೇರಿನ ಮೇಸ್ತ್ರಿ

ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ, ಹಿಂದೆ ರಾಗಿಯ ಹೊಲಗಳಾಗಿದ್ದು ಈಚಿನ ದಶಕಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನಗಳಾಗಿ ಪರಿಣಮಿಸಿದ ಅಂಜನಾಪುರದ ಒಂದು ಅಡ್ಡರಸ್ತೆಯಲ್ಲಿ, ತಗಡಿನ ಮಾಡಿನ ಕೆಳಗೆ, ಶನಿವಾರದ ಅಪರಾಹ್ಣವಾಯಿತೆಂದರೆ ನಾಲ್ಕಾರು ಜೀಪುಗಳೂ ಜಿಪ್ಸಿಗಳೂ ಬಂದು ಸೇರುವುವು. ಅವುಗಳನ್ನು ತರುವವರು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಗೃಹಸ್ಥರು, ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತು, ಮಿಕ್ಕೆರಡು ದಿನಗಳಲ್ಲಿ ಡಾಂಬರು ಕಾಣದ ನೆಲವನ್ನು ಅರಸಿ ಹೊರಡತಕ್ಕವರು. ಆಫ್‌ರೋಡಿಂಗ್ ಎಂದು ಅವರು ಕರೆಯುವ ಈ ಹವ್ಯಾಸವನ್ನೂ, ಅದಕ್ಕಾಗಿ ನಾಲ್ಕುಚಕ್ರಚಾಲನೆಯ ವಾಹನವನ್ನು ಸಜ್ಜುಗೊಳಿಸುವ ಕ್ರಮವನ್ನೂ ಪರಿಚಯಿಸುವುದೇ ಇಲ್ಲಿನ ಉದ್ದೇಶವಾದರೂ, ನನ್ನನ್ನು ಅಲ್ಲಿಗೆ ಸೆಳೆದವರು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದ್ದ ಮೇಸ್ತ್ರಿಯೇ ಆದುದರಿಂದ, ಈ ಬರಹದ ಬಹುಭಾಗವು ಅವರ ಪಾಲಿಗೇ ಸಲ್ಲುವುದು.

ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಇಷ್ಟವಿಲ್ಲ. ಮೀಸೆ ಮೂಡುವ ಮೊದಲೇ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂಬದಿಯ ಕಾರ್ಖಾನೆಯೊಂದನ್ನು ಸೇರಿ, ವರ್ಷಗಟ್ಟಲೆ ಸೀಮೆಎಣ್ಣೆಯಲ್ಲಿ ಬೇರಿಂಗುಗಳನ್ನು ತೊಳೆದು, ಸ್ಪ್ಯಾನರಿನ ಅಳತೆಯನ್ನು ಕಣ್ಣಿನಿಂದಲೇ ಹೇಳುವಷ್ಟು ಪಳಗಿ, ಬಾಡಿಗೆ ಏರಿದಂತೆಲ್ಲ ನಗರದ ದಕ್ಷಿಣಕ್ಕೆ ಸರಿಯುತ್ತ ಸರಿಯುತ್ತ ಅಂಜನಾಪುರವನ್ನು ಮುಟ್ಟಿದವರು ಇವರು. ಎಂಜಿನ್ನಿನ ರಿಪೇರಿ ಮಾಡುವವರು ನಮ್ಮಲ್ಲಿ ಬೀದಿಗೊಬ್ಬರಿರುವರು. ಇವರ ಕೈ ಪಳಗಿರುವುದು ಚಾಲಕನ ಪಕ್ಕದಲ್ಲಿ, ದೊಡ್ಡ ಗೇರಿನ ಕೋಲಿನ ಬಳಿ ನಿಂತಿರುವ ಎರಡನೆಯ ಪುಟ್ಟ ಕೋಲಿನ ಕೆಳಗಡೆಯ ಪ್ರಪಂಚದಲ್ಲಿ. ಅದನ್ನು ಗ್ಯಾರೇಜಿನವರು ಸಣ್ಣ ಗೇರು ಎನ್ನುವರು. ಎಂಜಿನ್ನಿನಿಂದ ಹೊರಟ ಬಲವು ಗೇರುಪೆಟ್ಟಿಗೆಯನ್ನು ದಾಟಿ, ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಹೊಕ್ಕು, ಅಲ್ಲಿ ಕವಲೊಡೆದು ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಹರಿಯುವುದು. ಸಣ್ಣ ಗೇರನ್ನು ಲೋ ರೇಂಜಿಗೆ ಹಾಕಿದೊಡನೆ ಚಕ್ರಗಳ ವೇಗ ಇಳಿದಷ್ಟು ಪಾಲು ಬಲವು ಏರಿ, ಗಾಡಿಯು ಕೆಸರುಗದ್ದೆಯಲ್ಲಿ ಹೆಜ್ಜೆಯಿಡುವ ಎತ್ತಿನಂತೆ ನಿಧಾನವಾಗಿಯೂ ನಿಶ್ಚಿತವಾಗಿಯೂ ಬಂಡೆಯನ್ನೇರತೊಡಗುವುದು.

ನಾನು ಹೋದ ದಿನ ಒಂದು ಜಿಪ್ಸಿಯ ಸಣ್ಣ ಗೇರು ಇಳಿಜಾರಿನಲ್ಲಿ ತಾನೇ ತಾನಾಗಿ ಕಳಚಿಕೊಳ್ಳುತ್ತಿದೆಯೆಂಬ ದೂರು ಬಂದಿದ್ದಿತು. ಮೇಸ್ತ್ರಿಯವರು ಯಾವ ಭಾಗವನ್ನೂ ಬಿಚ್ಚಲಿಲ್ಲ. ತಳದ ಬಿರಡೆಯನ್ನು ಸಡಿಲಿಸಿ ಎಣ್ಣೆಯನ್ನು ಒಂದು ಅಗಲವಾದ ತಟ್ಟೆಗೆ ಹಿಡಿದು, ಬಿಸಿಲಿಗೆ ತಂದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹನಿಯನ್ನು ಬಹಳ ಹೊತ್ತು ಉಜ್ಜಿದರು. ಬೂದುಬಣ್ಣದ ನುಣ್ಣನೆಯ ಹಿಟ್ಟು ಬೆರಳಿಗಂಟಿದರೆ ಅದು ಹಲ್ಲುಗಳ ಸಹಜವಾದ ಸವೆತ. ಚಿನ್ನದ ಪುಡಿಯಂತೆ ಮಿನುಗು ಕಂಡರೆ ಹಿತ್ತಾಳೆ ಅಥವಾ ಕಂಚಿನ ಭಾಗ ತೇಯುತ್ತಿದೆ. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಅಂದು ಸಿಕ್ಕಿದುದು ಬೂದುಹಿಟ್ಟು ಮಾತ್ರ. ಜಿಪ್ಸಿಯಲ್ಲಿ ಈ ಪೆಟ್ಟಿಗೆಯು ಗೇರುಪೆಟ್ಟಿಗೆಗೆ ಅಂಟಿಕೊಂಡಿರದೆ, ಒಂದು ಗಿಡ್ಡ ಶಾಫ್ಟಿನಿಂದ ಜೋಡಣೆಗೊಂಡು, ರಬ್ಬರಿನ ಆಧಾರಗಳ ಮೇಲೆ ಪ್ರತ್ಯೇಕವಾಗಿ ಕುಳಿತಿರುವುದು. ಅವರು ಒಂದು ಸಬ್ಬಲಿನ ತುದಿಯನ್ನು ಪೆಟ್ಟಿಗೆಯ ಕೆಳಗಿಟ್ಟು ಮೆಲ್ಲನೆ ಎತ್ತಿದಾಗ ಇಡೀ ಪೆಟ್ಟಿಗೆಯೇ ಬೆರಳಗಲ ತೂಗಾಡಿತು. ಹಲ್ಲುಗಳಲ್ಲಿ ದೋಷವಿರಲಿಲ್ಲ, ರಬ್ಬರು ಹರಿದಿದ್ದಿತು. "ಎಣ್ಣೆ ನೋಡ್ದೆ ಪೆಟ್ಟಿಗೆ ಬಿಚ್ಬಾರ್ದು ಸಾರ್, ಬಿಚ್ಚಿದ್ದೆಲ್ಲ ಮೊದಲಿನ ಹಾಗೆ ಕೂರಲ್ಲ" ಎಂದರು. ಹೊಸ ರಬ್ಬರು ಹಾಕಿದ ಮೇಲೆ ಗೇರು ಕಳಚಲಿಲ್ಲ. ಪೆಟ್ಟಿಗೆಯನ್ನೇ ಬದಲಾಯಿಸಬೇಕಾದೀತೆಂದು ಬೇರೆಡೆ ಹೇಳಿಸಿಕೊಂಡು ಬಂದಿದ್ದ ಆ ತರುಣನ ಮುಖದಲ್ಲಿ ಮೂಡಿದ ಸಮಾಧಾನವು ವರ್ಣನೆಗೆ ನಿಲುಕುವಂಥದಾಗಿರಲಿಲ್ಲ.

ಈ ವಾಹನಗಳ ಚರಿತ್ರೆಯನ್ನೂ ನಾನು ಅಲ್ಲಿಯೇ, ಮೇಸ್ತ್ರಿಯವರ ಗೆಳೆಯರಾದ, ಹಿಂದೆ ಚಿಕ್ಕಮಗಳೂರಿನ ಕಾಫಿತೋಟದಲ್ಲಿ ಜೀಪು ನಡೆಸಿದ್ದ ವೃದ್ಧರೊಬ್ಬರ ಬಾಯಿಂದ ಕೇಳಿದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ 1941ರಿಂದ ತಯಾರಾದ, 2.2 ಲೀಟರಿನ ಎಂಜಿನ್ನಿನಿಂದ 60 ಅಶ್ವಶಕ್ತಿಯನ್ನು ಪಡೆಯುತ್ತಿದ್ದ ವಿಲ್ಲೀಸ್ ಜೀಪುಗಳು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಮಾರಾಟವಾಗಿ ಮಲೆನಾಡಿನ ತೋಟಗಳನ್ನು ಸೇರಿದುವಂತೆ. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು 1947ರಿಂದ ಅವನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿತು. ಎಂಬತ್ತರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ540 ಬಂದಿತು. 1985ರಲ್ಲಿ, ಒಂದು ಲೀಟರಿಗೂ ಕಡಮೆಯ ಪೆಟ್ರೋಲ್ ಎಂಜಿನ್ನಿನೊಡನೆ ಮಾರುತಿ ಜಿಪ್ಸಿ ಬಂದಾಗ ಆ ಹಗುರವಾದ ಗಾಡಿಯನ್ನು ಕಂಡು ತೋಟದವರು ನಕ್ಕರೆಂದೂ, ಮೊದಲ ಮಳೆಗಾಲದಲ್ಲಿ ಅದು ತಮ್ಮ ಭಾರದ ಜೀಪುಗಳು ಹೂತ ಜಾಗವನ್ನು ಸಲೀಸಾಗಿ ದಾಟಿದ ಮೇಲೆ ಆ ನಗು ನಿಂತಿತೆಂದೂ ವೃದ್ಧರು ಹೇಳಿದರು. ಮಹೀಂದ್ರ ಥಾರ್ 2010ರಲ್ಲಿಯೂ, ಅದರ ಹೊಸ ರೂಪ 2020ರ ಅಕ್ಟೋಬರ್ 2ರಂದೂ, ಮಾರುತಿ ಜಿಮ್ನಿ 2023ರಲ್ಲಿಯೂ ಮಾರುಕಟ್ಟೆಗೆ ಬಂದುವು. ಅಂಜನಾಪುರದ ಆ ಮಾಡಿನ ಕೆಳಗೆ ಈ ಎಲ್ಲ ತಲೆಮಾರುಗಳೂ ಒಟ್ಟಿಗೆ ನಿಂತಿರುವುದನ್ನು ಕಾಣಬಹುದು.

ವಾಹನವನ್ನು ಮೇಲ್ದರ್ಜೆಗೇರಿಸುವುದೆಂದರೆ ಹೊಸಬರಿಗೆ ಮೊದಲು ತೋರುವುದು ದೊಡ್ಡ ಟೈರು. 26 ಅಂಗುಲದ ಆಸುಪಾಸಿನ ಚಕ್ರವನ್ನು ತೆಗೆದು 30 ಅಂಗುಲದ್ದನ್ನು ಹಾಕಿದರೆ ಆಕ್ಸಲ್ಲು ನೆಲದಿಂದ ಎರಡು ಅಂಗುಲ ಮೇಲೇರುವುದೇನೋ ದಿಟ. ಆದರೆ ಚಕ್ರದ ಪ್ರತಿಯೊಂದು ಸುತ್ತಿಗೂ ಗಾಡಿಯು ನೂರಕ್ಕೆ 15ರಷ್ಟು ಹೆಚ್ಚು ದೂರ ಸಾಗಬೇಕಾಗುವುದರಿಂದ ಎಂಜಿನ್ನು ಏದುಸಿರು ಬಿಡುವುದು, ಬ್ರೇಕು ಹಿಡಿಯಲು ತಡವಾಗುವುದು, ವೇಗಮಾಪಕವು ನಿಜಕ್ಕಿಂತ ಕಡಮೆ ವೇಗವನ್ನು ತೋರಿಸುವುದು. ಆ ನಷ್ಟವನ್ನು ತುಂಬಲು ಟ್ರಾನ್ಸ್‌ಫರ್ ಕೇಸಿನೊಳಗಣ ಗೇರುಗಳನ್ನೇ ಇನ್ನಷ್ಟು ನಿಧಾನದವುಗಳಿಗೆ ಬದಲಾಯಿಸಬೇಕು. ಅದು ದುಬಾರಿಯಾದ ಕೆಲಸ. ಇನ್ನು ಕಮಾನುಪಟ್ಟಿಗಳನ್ನು ಸೇರಿಸಿ ಗಾಡಿಯನ್ನು ಎತ್ತರಿಸುವುದರಿಂದ ಮೈಯೊಂದು ಮೇಲೇಳುವುದೇ ಹೊರತು, ಆಕ್ಸಲ್ಲಿನ ಎರಡು ಚಕ್ರಗಳಿಗೆ ಬಲವನ್ನು ಹಂಚುವ, ಬಂಡೆಗೆ ತಗುಲುವ ಡಿಫರೆನ್ಷಿಯಲ್ಲಿನ ಹೌಸಿಂಗು ಇದ್ದಲ್ಲಿಯೇ ಇರುವುದು. ಗುರುತ್ವಕೇಂದ್ರವೂ ಮೇಲೇರಿ ಓರೆಯಾದ ನೆಲದಲ್ಲಿ ಮಗುಚುವ ಅಪಾಯ ಹೆಚ್ಚುವುದು. ಮೇಸ್ತ್ರಿಯವರ ಕ್ರಮವೇ ಬೇರೆ. ಅವರು ಮೊದಲು ಬ್ರೇಕು, ಸ್ಟಿಯರಿಂಗಿನ ಕೀಲು, ಕಿಂಗ್‌ಪಿನ್ ಬೇರಿಂಗು, ಶಾಫ್ಟಿನ ಕ್ರಾಸುಗಳನ್ನು ಸರಿಪಡಿಸುವರು. ಅನಂತರ ಆಕ್ಸಲ್ಲಿನ ಉಸಿರುಕೊಳವೆಯನ್ನು ರಬ್ಬರಿನ ನಳಿಕೆಯಿಂದ ಎಂಜಿನ್ನಿನ ಕೋಣೆಯ ಎತ್ತರಕ್ಕೆ ಒಯ್ಯುವರು. ಕಾದ ಆಕ್ಸಲ್ಲು ತಣ್ಣೀರಿಗೆ ಇಳಿದೊಡನೆ ಅದರೊಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಒಳಕ್ಕೆಳೆಯುವುದು. ಕಾಫಿಬಣ್ಣದ ಎಣ್ಣೆಗೆ ಕಾರಣ ಇದೇ. ಕೆಲವೇ ನೂರು ರೂಪಾಯಿಯ ಆ ನಳಿಕೆಯು ಸಾವಿರಾರು ರೂಪಾಯಿಯ ಬೇರಿಂಗುಗಳನ್ನು ಉಳಿಸುವುದು. ಸಿಕ್ಕಿಬಿದ್ದ ಗಾಡಿಯನ್ನೆಳೆಯುವ ವಿಂಚು, ಆಕ್ಸಲ್ಲಿನ ಎರಡು ಚಕ್ರಗಳನ್ನೂ ಒಟ್ಟಿಗೆ ತಿರುಗಿಸುವ ಲಾಕರು, ಎಂಜಿನ್ನಿಗೆ ಎತ್ತರದಿಂದ ಗಾಳಿ ಒದಗಿಸುವ ಸ್ನಾರ್ಕೆಲ್ಲು, ಇವುಗಳ ಮಾತು ಇದೆಲ್ಲ ಮುಗಿದ ಬಳಿಕವೇ.

ಈ ಕ್ರಮದಲ್ಲಿ ಒಂದು ತತ್ತ್ವವಿದೆಯೆಂದು ನನಗೆ ತೋರಿತು: ಕಣ್ಣಿಗೆ ಬೀಳದುದಕ್ಕೆ ಮೊದಲ ಹಣ. ಇಂಥ ವಿವೇಕವು ಜಾಹೀರಾತುಗಳಲ್ಲಿ ಎಲ್ಲಿಯೂ ಕಾಣದು.

ಪ್ರವಾಸದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಈ ಹವ್ಯಾಸಿಗಳು ಭಾನುವಾರ ಬೆಳಗಿನ ಜಾವ ಹೊರಟು, ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿಗಳನ್ನು ದಾಟಿ, ರಾಮನಗರ ಸೀಮೆಯ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಹೆಸರಿಸಿರುವ ಶಿಲಾಪ್ರದೇಶದಲ್ಲಿ, ಪರಿಚಿತ ರೈತರ ಒಪ್ಪಿಗೆ ಪಡೆದ ಖಾಸಗಿ ಜಮೀನಿಗೆ ಇಳಿಯುವರು. ಟೈರಿನ ಗಾಳಿಯನ್ನು 30ರಿಂದ 18 ಪೌಂಡಿಗೆ ಇಳಿಸಿದರೆ ನೆಲವನ್ನು ತಬ್ಬುವ ರಬ್ಬರು ಉದ್ದವಾಗಿ ಹರಡಿಕೊಳ್ಳುವುದು. ಹಿಂದಿರುಗುವಾಗ ಮರೆಯದೆ ಮತ್ತೆ ತುಂಬಬೇಕು. ಕರ್ಣರೇಖೆಯಲ್ಲಿ ಎರಡು ಚಕ್ರಗಳು ಅಂತರಿಕ್ಷಕ್ಕೆ ಎದ್ದಾಗ ಸಾಧಾರಣ ಡಿಫರೆನ್ಷಿಯಲ್ಲು ಬಲವನ್ನೆಲ್ಲ ಆ ಎದ್ದ ಚಕ್ರಗಳಿಗೇ ಒಪ್ಪಿಸಿಬಿಡುವುದರಿಂದ ಗಾಡಿಯು ನಿಂತುಬಿಡುವುದು. ಆಗ ಒಬ್ಬನು ಕೆಳಗಿಳಿದು, ಮುಂದೆ ನಿಂತು, ಕೈಸನ್ನೆಯಿಂದಲೇ ಚಾಲಕನನ್ನು ಗೇಣುಗೇಣಾಗಿ ನಡೆಸುವನು. ಬಂಡೆಯ ಮೇಲೆ ಚಕ್ರ ಇಡುವ ಜಾಗವನ್ನು ಆರಿಸಲು ಅವರು ತೆಗೆದುಕೊಳ್ಳುವ ಸಮಯವನ್ನು ಕಂಡರೆ, ಇದು ಅಬ್ಬರದ ಆಟವೆಂಬ ಭಾವನೆ ತಾನಾಗಿ ಕರಗುವುದು.

ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳದೆ ಮುಂದುವರಿಯಲಾರೆ. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನವು ಅಂಜನಾಪುರಕ್ಕೆ ಬಹು ಸಮೀಪದಲ್ಲಿದೆ. ಅದಾಗಲಿ, ಮೀಸಲು ಅರಣ್ಯವಾಗಲಿ, ಕೆರೆಯಂಗಳವಾಗಲಿ ಈ ಹವ್ಯಾಸದ ರಂಗಸ್ಥಳವಾಗಕೂಡದು. ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಇಳಿಜಾರಿನಲ್ಲಿ ಚಕ್ರವು ಕೊರೆದ ಗೀರು ಮುಂದಿನ ಮುಂಗಾರಿನಲ್ಲಿ ನೀರಿನ ಹಾದಿಯಾಗಿ, ಮತ್ತೆರಡು ಮಳೆಗಾಲಗಳಲ್ಲಿ ಕೊರಕಲಾಗಿ ಪರಿಣಮಿಸುವುದು. ಕೊಡಚಾದ್ರಿಯ ಭಕ್ತರನ್ನೂ ಮಾಂದಲಪಟ್ಟಿಯ ಪ್ರವಾಸಿಗಳನ್ನೂ ಹೊತ್ತೊಯ್ಯುವ ಸ್ಥಳೀಯ ಜೀಪಿನವರು ರೂಢಿಯ ದಾರಿಯಲ್ಲಿ ಸಾಗುವರು, ಅದು ಅವರ ಜೀವನೋಪಾಯ; ವಿನೋದಕ್ಕಾಗಿ ಬಂದವರು ಹೊಸ ದಾರಿ ಕೊರೆಯುವುದಕ್ಕೆ ಸಮರ್ಥನೆಯಿಲ್ಲ. ಮಾರ್ಪಾಟುಗಳ ವಿಷಯದಲ್ಲಿ ಕಾನೂನು ಕೂಡ ಕಠಿನವಾಗಿದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿಪತ್ರದಲ್ಲಿನ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿರ್ಬಂಧಿಸಿದೆ, ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು, ಮುಂಭಾಗದ ಉಕ್ಕಿನ ಕಂಬಿಗಳನ್ನು ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿಯೇ ನಿಷೇಧಿಸಿತು. ನಿರ್ಬಂಧವು ಸರಿಯಾದುದೇ. ಆದರೆ ಕಲ್ಲು ತೆಗೆದು ಕೈಬಿಟ್ಟ ಕ್ವಾರಿಯೊಂದನ್ನು ಈ ಅಭ್ಯಾಸಕ್ಕೆಂದು ವಿಧಿಬದ್ಧವಾಗಿ ಒದಗಿಸಿದರೆ, ಕಾಡೂ ಉಳಿದೀತು, ವಿದ್ಯೆಯೂ ಉಳಿದೀತು ಎಂಬ ಆಶೆ ನನಗಿದೆ. ನೆರೆ ಬಂದಾಗ, ಗುಡ್ಡ ಕುಸಿದಾಗ, ರಸ್ತೆಯಿಲ್ಲದ ಊರಿಗೆ ಔಷಧಿ ಒಯ್ಯಬೇಕಾದಾಗ ಸಣ್ಣ ಗೇರನ್ನು ಬಲ್ಲವನೊಬ್ಬನು ನಮಗೆ ಬೇಕಾಗುವನು.

ಮೇಸ್ತ್ರಿಯವರ ಬಳಿ ಈಗ ಇಬ್ಬರು ಹುಡುಗರಿರುವರು. ಹಲವು ಹೊಸ ಗಾಡಿಗಳಲ್ಲಿ ಕೋಲಿನ ಬದಲಿಗೆ ತಿರುಗುಗುಂಡಿ ಬಂದು, ದೋಷವನ್ನು ಕೈಯಲ್ಲಿ ಹಿಡಿದ ಯಂತ್ರವೇ ಓದಿ ಹೇಳುತ್ತಿರುವ ಈ ಕಾಲದಲ್ಲಿಯೂ ಅವರು ಆ ಹುಡುಗರ ಕೈಗೆ ತಟ್ಟೆಯ ಎಣ್ಣೆಯನ್ನು ಕೊಟ್ಟು, ಉತ್ತರ ಬರುವವರೆಗೆ ಕಾಯುವರು. ಈ ತಾಳ್ಮೆಯನ್ನು ನಾನು ಕಾಲೇಜುಗಳಲ್ಲಿಯೂ ಅಪರೂಪವಾಗಿ ಕಂಡಿರುವೆನು. ಹಿರಿಯ ಹುಡುಗನು ಹನಿಯನ್ನು ಉಜ್ಜಿ, "ಕಂಚು ಇದೆ, ಆದ್ರೆ ಹಳೇದು" ಎಂದಾಗ ಮೇಸ್ತ್ರಿಯವರು ಏನನ್ನೂ ಹೇಳದೆ ಬಿರಡೆಯನ್ನು ಅವನ ಕೈಗೇ ಕೊಟ್ಟರು. ಮುಂದಿನ ಕೆಲಸವೆಲ್ಲ ಅವನದಾಯಿತು.

2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಸುತ್ತಲ ನಿವೇಶನಗಳ ಬೆಲೆ ಏರಿ, ಈ ಮಾಡು ನಿಂತಿರುವ ಜಾಗದ ಒಡೆಯರಿಗೆ ಅಲ್ಲಿ ಮನೆಗಳನ್ನು ಕಟ್ಟಿಸುವ ವಿಚಾರವಿದೆ. ಯುಗಾದಿಯ ಹೊತ್ತಿಗೆ ತೆರವು ಮಾಡಿಕೊಡಬೇಕೆಂದು ತಿಳಿಸಿರುವರು. ಮೇಸ್ತ್ರಿಯವರಿಗೆ ಅದರಲ್ಲಿ ಕೋಪವಿಲ್ಲ. ಹಾರೋಹಳ್ಳಿಯ ಕಡೆ ಒಂದು ಜಾಗವನ್ನು ನೋಡಿ ಬಂದಿರುವರು, ಬಾಡಿಗೆಯೂ ಕೈಗೆಟುಕುವಂತಿದೆ. ಅಷ್ಟು ದೂರಕ್ಕೆ ಗಿರಾಕಿಗಳು ಬಂದಾರೇ ಎಂದು ನಾನು ಕೇಳಿದಾಗ, ಅವರಿಗೇನು, ಗಾಡಿಗಳಿವೆ, ಬರುವರು ಎಂದರು. ಬೆಳಗ್ಗೆ ಎರಡು ಬಸ್ಸು ಬದಲಾಯಿಸಿ ಬಂದು ರಾತ್ರಿ ಮನೆ ಸೇರಬೇಕಾದ ಹುಡುಗರಿಬ್ಬರೂ ಅಲ್ಲಿಗೆ ಬರಲಾರರೆಂಬುದೊಂದೇ ಅವರ ಚಿಂತೆಯಾಗಿದ್ದಿತು.