ನೋವಿನ ಲೆಕ್ಕ ಮುಚ್ಚಿಡಬಾರದು

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನು ನಾನು. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಅಂಥವನು ಕಳೆದ ವರ್ಷ ಒಂದು ಸುಳ್ಳು ಲೆಕ್ಕ ಕೊಟ್ಟೆ. ಅದನ್ನು ಹಿಡಿದವನು ಮೂರನೆಯ ಇಯತ್ತೆ ಓದುವ ನನ್ನ ಮೊಮ್ಮಗ.

ಕೊಣ್ಣೂರಿನ ಪೇರಲ ತೋಟದಲ್ಲಿ ಬುಟ್ಟಿ ಎತ್ತುವಾಗ ತೊಡೆಸಂದಿಯಲ್ಲಿ ಉಬ್ಬು ಕಾಣಿಸಿಕೊಂಡಿತು. ನರಗುಂದದ ವೈದ್ಯರು ನೋಡಿ, "ಹರ್ನಿಯಾ ಐತ್ರಿ, ಆಪರೇಷನ್ ಮಾಡಿಸ್ಕೊಳ್ಳೋದ ಚಲೋ" ಎಂದರು. ಹುಬ್ಬಳ್ಳಿಯ ದವಾಖಾನೆ ಸೇರಿದೆ.

ಹಿಂದಿನ ಸಂಜೆ ಅರಿವಳಿಕೆ ತಜ್ಞೆ ಬಂದರು. ಆಪರೇಷನ್ ಮಾಡುವ ಡಾಕ್ಟರು ಬೇರೆ, ಅರಿವಳಿಕೆ ಕೊಟ್ಟು ಕೊನೆಯತನಕ ನಮ್ಮ ಉಸಿರು, ನಾಡಿ ಕಾಯುವ ಡಾಕ್ಟರು ಬೇರೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಅಂದೇ. ಬಿ.ಪಿ., ಸಕ್ಕರೆ, ರಕ್ತ ತೆಳುವಾಗಿಸುವ ಗುಳಿಗೆ, ಒಗ್ಗದ ಔಷಧಿ, ಅಲುಗಾಡುವ ಹಲ್ಲು, ತಂಬಾಕು ಎಲ್ಲವನ್ನೂ ಕೇಳಿ ಬರೆದುಕೊಂಡರು. ರಾತ್ರಿ ಊಟವಾದ ಮೇಲೆ ಏನೂ ತಿನ್ನಬಾರದು, ಬೆಳಿಗ್ಗೆ ಆರರವರೆಗೆ ಬರೀ ನೀರು ಕುಡಿಯಬಹುದು ಎಂದರು.

ಚಟ ಬಿಡಬೇಕಲ್ಲ! ಬೆಳಿಗ್ಗೆ ಐದೂವರೆಗೆ ಪಕ್ಕದ ಮಂಚದವರ ಥರ್ಮಾಸಿನಿಂದ ಅರ್ಧ ಕಪ್ಪು ಚಹಾ ಕುಡಿದುಬಿಟ್ಟೆ. ಥಿಯೇಟರಿನ ಬಾಗಿಲಲ್ಲಿ, "ಏನರೆ ತಗೊಂಡೀರೇನ್ರಿ?" ಎಂದು ಅವರು ಕೇಳಿದಾಗ ಒಪ್ಪಿಕೊಂಡೆ. ಬೈಯಲಿಲ್ಲ, ಆಪರೇಷನ್ನು ಮಧ್ಯಾಹ್ನಕ್ಕೆ ಮುಂದೂಡಿದರು. ಪೂರ್ತಿ ಮಂಪರು ಬಂದಾಗ ಗಂಟಲಿನ ಕಾವಲುಗಾರನೂ ಮಲಗುತ್ತಾನೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬೆನ್ನಿಗೆ ಚುಚ್ಚಿದರೂ ನಡುವೆ ಪೂರ್ತಿ ಮಂಪರು ಕೊಡಬೇಕಾಗಬಹುದು. ಅದಕ್ಕೇ ಸಾಮಾನ್ಯವಾಗಿ ಬರೀ ನೀರಿಗೆ 2 ತಾಸು, ಹಗುರ ಆಹಾರಕ್ಕೆ 6 ತಾಸು, ಎಣ್ಣೆಯ ಭಾರಿ ಊಟಕ್ಕೆ 8 ತಾಸು ಬಿಡಬೇಕು. ಹಾಲು ಹಾಕಿದ ಚಹಾ ನೀರಲ್ಲ, ಆಹಾರ. ನಿಜ ಹೇಳಿದ್ದಕ್ಕೆ ನನಗೆ ಹೋದದ್ದು ಅರ್ಧ ದಿನ ಮಾತ್ರ.

ಮಧ್ಯಾಹ್ನ ದಿಂಬು ತಬ್ಬಿಕೊಂಡು ಬಗ್ಗಿ ಕೂತೆ. ಸೊಂಟದ ಹತ್ತಿರ ಇರುವೆ ಕಚ್ಚಿದಂತಾಯಿತು. ಕಾಲು ಬಿಸಿಯಾಗಿ, ಭಾರವಾಗಿ, ಆಮೇಲೆ ನನ್ನವೇ ಅಲ್ಲ ಅನ್ನಿಸಿತು. ಮಾತೆಲ್ಲ ಕೇಳುತ್ತಿತ್ತು, ನೋವು ಮಾತ್ರ ಇಲ್ಲ. ನಾಲ್ಕು ತಾಸಿನೊಳಗೆ ಕಾಲಿಗೆ ಜೀವ ಬಂತು, ಬೆನ್ನಹಿಂದೆಯೇ ನೋವೂ ಬಂತು.

ಸಿಸ್ಟರ್ ಒಂದು ಚಿತ್ರಪಟ ತಂದರು. ಅದರಲ್ಲಿ ಆರು ಮುಖ. ನಗುವ ಮುಖಕ್ಕೆ ಸೊನ್ನೆ, ಅಳುವ ಮುಖಕ್ಕೆ ಹತ್ತು. ಮಕ್ಕಳಿಗಾಗಿ ಅಮೆರಿಕದ ಡೊನಾ ವಾಂಗ್, ಕಾನಿ ಬೇಕರ್ ಎಂಬ ಇಬ್ಬರು ಮಾಡಿದ ಪಟ ಅದು. "ಅಜ್ಜಾರ, ನಿಮ್ಮದು ಯಾವ ಮಾರಿ?" ಎಂದರು. ಎರಡರ ಮೇಲೆ ಬೆರಳಿಟ್ಟೆ. ಮರುದಿನವೂ ಎರಡೇ.

ನಿಜವಾಗಿ ನೋವು ಎಂಟಿತ್ತು. ಕುಡಗೋಲು ತಾಗಿದರೂ ಹಲ್ಲು ಕಚ್ಚಿ ನಿಲ್ಲುತ್ತಿದ್ದ ಅಪ್ಪನ ಮಗ ನಾನು, ನರಳಬಾರದೆಂಬ ಹಟ. ನೋವಿನ ಔಷಧಿ ಚಟವಾಗುತ್ತದೆಂಬ ಅಂಜಿಕೆ ಬೇರೆ. ಕೆಮ್ಮಿದರೆ ಗಾಯ ಜಗ್ಗುತ್ತಿತ್ತು, ಕೆಮ್ಮನ್ನೇ ನುಂಗಿದೆ. ಆಳವಾಗಿ ಉಸಿರು ಎಳೆಯಲಿಲ್ಲ. ಮಂಚ ಬಿಟ್ಟು ಏಳಲಿಲ್ಲ. ಎರಡನೆಯ ರಾತ್ರಿ ಕಫ ಕಟ್ಟಿ ಜ್ವರ ಬಂತು. ಬೆರಳಿನ ಯಂತ್ರದಲ್ಲಿ 98 ಇದ್ದ ಅಂಕಿ 91ಕ್ಕೆ ಇಳಿಯಿತು. ಮೂಗಿಗೆ ಆಮ್ಲಜನಕ ಹಚ್ಚಿದರು. ನನ್ನಾಕೆ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ಕಾಣುತ್ತಿತ್ತು.

ಬೆಳಿಗ್ಗೆ ಮತ್ತೆ ಪಟ ಬಂತು. ನನ್ನ ಬೆರಳು ಎರಡರ ಕಡೆ ಹೊರಟಿತ್ತು. ಮೊಮ್ಮಗ ತಡೆಯಲಿಲ್ಲ. "ಸಿಸ್ಟರ್, ಅಜ್ಜ ಸುಳ್ಳ ಹೇಳಾಕತ್ತಾನ್ರಿ. ಕೆಮ್ಮು ಬಂದ್ರ ಮಂಚದ ಕಬ್ಬಿಣ ಗಟ್ಟ್ಯಾಗಿ ಹಿಡಕೋತಾನ. ಅವಂದು ಎಂಟನೇ ಮಾರಿ!"

ಡಾಕ್ಟರು ಬಂದು ಕೂತರು. ನಾನು ಬ್ಯಾಂಕಿನವನೆಂದು ಗೊತ್ತಿತ್ತು. "ನೋವು ಸಾಲ ಇದ್ದಂಗ್ರಿ. ಶುರುವಿಗೇ ತೀರಿಸಿದ್ರ ಸಣ್ಣ ಕಂತು, ಬಿಟ್ರ ಬಡ್ಡಿ ಬೆಳೀತದ" ಎಂದರು. ಹೇಳಿದಷ್ಟೇ, ಹೇಳಿದಷ್ಟು ದಿನವೇ ತೆಗೆದುಕೊಂಡರೆ ಚಟದ ಭಯ ಬೇಡ ಎಂದೂ ಹೇಳಿದರು. ಔಷಧಿ ಹೊತ್ತಿಗೆ ಸರಿಯಾಗಿ ಬಂತು. ಗಾಯಕ್ಕೆ ದಿಂಬು ಒತ್ತಿಕೊಂಡು ಕೆಮ್ಮಿದೆ. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಟ್ಟರು. ನಾನು ಊದಿದೆ, ಚೆಂಡು ಏಳಲೇ ಇಲ್ಲ. "ಊದೋದಲ್ಲ ಅಜ್ಜಾ, ಒಳಗ ಎಳಕೋಬೇಕು!" ಎಂದು ಮೊಮ್ಮಗ ನಕ್ಕ. ಸುಳ್ಳಿಗೆ ಬಿದ್ದ ಬಡ್ಡಿ, ದವಾಖಾನೆಯಲ್ಲಿ ಇನ್ನೂ ನಾಲ್ಕು ದಿನ.

ಆ ನಾಲ್ಕು ದಿನ ಮೊಮ್ಮಗನದು ಪ್ರಶ್ನೆಯೋ ಪ್ರಶ್ನೆ. "ಹಿಂದಿನ ಕಾಲದಾಗ ಏನ ಮಾಡತಿದ್ರು ಅಜ್ಜಾ?" ಮಕ್ಕಳೇ, ಆಗ ನಾಲ್ಕು ಜನ ಗಟ್ಟಿಯಾಗಿ ಹಿಡಿಯುತ್ತಿದ್ದರು, ವೈದ್ಯ ಬೇಗಬೇಗ ಕೊಯ್ಯುತ್ತಿದ್ದ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ ರೋಗಿಯನ್ನು ಮಲಗಿಸಿದ. ಅದಕ್ಕೇ ಆ ದಿನ ವಿಶ್ವ ಅರಿವಳಿಕೆ ದಿನ. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿದ.

ನಮ್ಮ ಗಜೇಂದ್ರಗಡ ದಾಟಿದರೆ ಸಿಗುವ ಯಲಬುರ್ಗಾ, ಕುಷ್ಟಗಿ ಅಂದು ನಿಜಾಮರ ರಾಜ್ಯದಲ್ಲಿದ್ದವು. ಆ ರಾಜ್ಯದ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಕ್ಲೋರೋಫಾರ್ಮ್ ಆಯೋಗಗಳು ಕೂತವು. ಉಸಿರಾಟ ನೋಡುತ್ತಿದ್ದರೆ ಸಾಕು ಎಂದು ಅಲ್ಲಿಯ ಎಡ್ವರ್ಡ್ ಲಾರಿ ವಾದಿಸಿದ. ಹೃದಯವನ್ನೂ ಕಾಯಬೇಕೆಂಬುದು ಮುಂದೆ ಖಚಿತವಾಯಿತು. ಅದೇ ಊರಿನಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆ ಕ್ಲೋರೋಫಾರ್ಮ್ ಕೊಡುವುದರಲ್ಲಿ ಹೆಸರಾಗಿದ್ದರು. ಇಂದು ಬೆರಳಿಗೆ ಕಚ್ಚಿಸುವ ಸಣ್ಣ ಯಂತ್ರ ನಾಡಿಯನ್ನೂ ಆಮ್ಲಜನಕವನ್ನೂ ಒಟ್ಟಿಗೇ ತೋರಿಸುತ್ತದೆ. 1970ರ ದಶಕದಲ್ಲಿ ಅದರ ಮೂಲ ಯುಕ್ತಿ ಕಂಡುಹಿಡಿದವರು ಜಪಾನಿನ ಟಕುವೊ ಅಯೋಯಾಗಿ.

ನನ್ನ ವಯಸ್ಸಿನವರೇ, ಗುಳಿಗೆಗಳ ಚೀಟಿ ಜೊತೆಗಿರಲಿ. ಕಟ್ಟಿಸಿದ ಹಲ್ಲನ್ನು ಥಿಯೇಟರಿಗೆ ಮೊದಲೇ ತೆಗೆದಿಡಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಮುಂದುವರಿಸಲೂ ಬೇಡಿ, ಕೇಳಿ. ಮಕ್ಕಳೇ, ಆಪರೇಷನ್ ಆದ ಮೇಲೆ ವಯಸ್ಸಾದವರು ಒಂದೆರಡು ದಿನ ತಬ್ಬಿಬ್ಬಾಗುವುದುಂಟು. ಹಾಗಾದರೆ ಕೂಡಲೇ ಸಿಸ್ಟರಿಗೆ ತಿಳಿಸಿ, ನಗಬೇಡಿ. ಕನ್ನಡಕ ಕೊಡಿ, ಕಿವಿಯ ಯಂತ್ರ ಹಾಕಿ, ಇವತ್ತು ಯಾವ ವಾರ ಎಂದು ಹೇಳಿ, ಕೈ ಹಿಡಿದುಕೊಂಡು ಕೂಡಿ.

ಊರಿಗೆ ಬಂದ ಮೇಲೆ ಮೊಮ್ಮಗ ಆರು ಮುಖ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸಿದ. ಒಂದು ದಿನ ಅಜ್ಜಿಯನ್ನು ಕೇಳಿದ, "ಅವ್ವಾ, ನಿನ್ನ ಮೊಣಕಾಲಿಂದು ಯಾವ ಮಾರಿ?"

ಇಷ್ಟು ವರ್ಷ ನಾನು ಕೇಳಿದಾಗಲೆಲ್ಲ, "ಏನಿಲ್ಲ ಬಿಡ್ರಿ" ಅನ್ನುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಸ್ವಲ್ಪ ಹೊತ್ತು ನೋಡಿ, ಆರನೆಯ ಅಂಕಿಯ ಮೇಲೆ ಬೆರಳಿಟ್ಟಳು.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ನರಗುಂದಕ್ಕೆ ಹೊರಟೆವು.