ಬಿಸಿಲನ್ನು ಒಳಗೆ ಕರೆಯುವ ಕೋಣೆ

ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮುಳುಗಿಯೂ ಬಿಡುತ್ತಾನೆ. ಅಲ್ಲಿಯ ಎಷ್ಟೋ ಹಳೆಯ ಇಟ್ಟಿಗೆ ಮನೆಗಳ ಹಿಂದೆ ಪುಟ್ಟ ಕೈತೋಟವಿರುತ್ತದೆ. ಆದರೆ ಆ ಚಳಿಯಲ್ಲಿ ತೋಟದಲ್ಲಿ ಕೂರುವವರು ಯಾರು? ಅದಕ್ಕೇ ಅನೇಕರು ಮನೆಗೂ ತೋಟಕ್ಕೂ ನಡುವೆ ಒಂದು ಗಾಜಿನ ಕೋಣೆ ಕಟ್ಟಿಸುತ್ತಾರೆ. ಅದನ್ನು ನಾವು ಬಿಸಿಲುಕೋಣೆ ಎಂದು ಕರೆಯೋಣ.

ಒಲೆ ಹಚ್ಚದೆ ಈ ಕೋಣೆ ಬೆಚ್ಚಗಾಗುವುದು ಹೇಗೆ? ಬೆಳಕು ಗಾಜಿನ ಮೂಲಕ ಒಳಗೆ ಬರುತ್ತದೆ. ನೆಲ, ಗೋಡೆಗಳು ಅದನ್ನು ಹೀರಿಕೊಂಡು ಬಿಸಿಯಾಗುತ್ತವೆ. ಅವುಗಳಿಗೆ ತಾಗಿದ ಗಾಳಿಯೂ ಬಿಸಿಯಾಗುತ್ತದೆ. ಬಯಲಿನಲ್ಲಾದರೆ ಬಿಸಿಗಾಳಿ ಮೇಲೇರಿ ಹೋಗಿ, ಆ ಜಾಗಕ್ಕೆ ತಂಪು ಗಾಳಿ ಬರುತ್ತದೆ. ಇಲ್ಲಿ ಹಾಗೆ ಹೋಗಲು ಗಾಜು ಅಡ್ಡವಾಗಿದೆ!

ಬಿಸಿ ವಸ್ತುಗಳು ಹೊರಸೂಸುವ ಅವಕೆಂಪು ಕಿರಣಗಳನ್ನು ಗಾಜು ತಡೆಯುವುದರಿಂದಲೇ ಒಳಗೆ ಸೆಕೆ ಎಂದು ನೀವು ಓದಿರಬಹುದು. ಅದು ಸುಳ್ಳಲ್ಲ, ಆದರೆ ಅದರ ಪಾಲು ಚಿಕ್ಕದು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಮುಚ್ಚಳ. ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮಾಡಿದಾಗ ಉಷ್ಣತೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮುಖ್ಯ ಕೆಲಸ ಮಾಡಿದ್ದು ಸಿಕ್ಕಿಬಿದ್ದ ಗಾಳಿ.

ನೀವೂ ನೋಡಬಹುದು. ಒಂದೇ ಅಳತೆಯ ಎರಡು ಗಾಜಿನ ಬಾಟಲಿಗಳಲ್ಲಿ ಕಪ್ಪು ಕಾಗದದ ಚೂರು ಹಾಕಿ. ಒಂದರ ಮುಚ್ಚಳ ಬಿಗಿಯಿರಿ, ಇನ್ನೊಂದು ತೆರೆದಿರಲಿ. ಅರ್ಧ ಗಂಟೆ ಬಿಸಿಲಿನಲ್ಲಿಟ್ಟು ಎರಡನ್ನೂ ಮುಟ್ಟಿ ನೋಡಿ. ಶಾಲೆಯಲ್ಲಿ ಉಷ್ಣಮಾಪಕವಿದ್ದರೆ ಇನ್ನೂ ಒಳ್ಳೆಯದು. (ಬಿಸಿಲಲ್ಲಿ ನಿಂತ ಕಾರಿನೊಳಗೆ ಆಗುವುದೂ ಇದೇ. ಅದರ ಬಾಗಿಲು ಹಾಕಿಕೊಂಡು ಎಂದೂ ಆಡಬೇಡಿ, ಪ್ರಾಣಕ್ಕೇ ಅಪಾಯ.)

ಹಾಗಾದರೆ ಬಿಸಿಲುಕೋಣೆಯನ್ನು ಮನೆಯ ಯಾವ ಬದಿಗಾದರೂ ಕಟ್ಟಬಹುದೇ? ಇಲ್ಲ. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಅವನು ದಿಗಂತದಿಂದ ಬರೀ 15 ಡಿಗ್ರಿ ಮೇಲೆ. ಜೂನ್ 21ರ ಸುಮಾರಿಗೆ 62 ಡಿಗ್ರಿ. ದಕ್ಷಿಣದ ಗೋಡೆಗೆ ನೆಲದಿಂದ 2 ಮೀಟರ್ ಎತ್ತರ ಗಾಜು ಹಾಕಿ, ಮೇಲೆ ಹೆಂಚಿನ ಸೂರು ಹೊದಿಸಿದ್ದಾರೆ ಎನ್ನಿ. ಜೂನ್‌ನಲ್ಲಿ ನಡುಹಗಲಿನ ಬಿಸಿಲು ಸುಮಾರು 1 ಮೀಟರ್ ಮಾತ್ರ ಒಳಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಅದು 3 ಮೀಟರ್ ಅಗಲದ ಕೋಣೆಯನ್ನು ದಾಟಿ, ಹಿಂದಿನ ಗೋಡೆಯ ಮೇಲೆ 1.2 ಮೀಟರ್ ಎತ್ತರದವರೆಗೂ ಏರುತ್ತದೆ. ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು! ಸೂರನ್ನೂ ಗಾಜಿನಿಂದಲೇ ಮಾಡಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಚೆಂದ ಕಾಣುತ್ತದೆಂದು ಹಾಗೆ ಮಾಡಿಸಿದ ಕೋಣೆ ಬೇಸಗೆಯಲ್ಲಿ ಬೇಯುತ್ತದೆ, ಚಳಿಗಾಲದ ರಾತ್ರಿ ಕೊರೆಯುತ್ತದೆ.

ಆ ಹಿಂದಿನ ಗೋಡೆ ಯಾವುದು ಗೊತ್ತೇ? ಹಳೆಯ ಮನೆಯ ಹೊರಗೋಡೆಯೇ. ದಪ್ಪ ಇಟ್ಟಿಗೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲು ಕುಡಿದ ಬಿಸಿಯನ್ನು ಸಂಜೆಯ ಮೇಲೆ ಬಿಟ್ಟುಕೊಡುತ್ತದೆ. ಅದನ್ನು ಒಡೆದು ಕೋಣೆಯನ್ನು ಮನೆಯೊಂದಿಗೆ ಒಂದಾಗಿಸುವವರಿದ್ದಾರೆ. ಇದು ತಪ್ಪು ಎಂದೇ ಹೇಳಬೇಕು. ಗಾಜಿನ ಮೂಲಕ ಶಾಖ ಬೇಗ ಸೋರಿಹೋಗುತ್ತದೆ. ನಡುವೆ ಗೋಡೆ, ಬಾಗಿಲು ಇದ್ದರೆ ಹಗಲು ತೆರೆದು ಬೆಚ್ಚನೆಯ ಗಾಳಿಯನ್ನು ಮನೆಯೊಳಗೆ ಬಿಟ್ಟುಕೊಂಡು, ರಾತ್ರಿ ಮುಚ್ಚಿಬಿಡಬಹುದು. ಎರಡು ಪದರ ಗಾಜು ಹಾಕಿದರೆ ನಡುವಿನ ಗಾಳಿ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ.

ಬೇಸಗೆಗೆ ಕೆಳಗೊಂದು ಕಿಟಕಿ, ಮೇಲೊಂದು ಕಿಟಕಿ ಬೇಕು. ಬಿಸಿಗಾಳಿ ಮೇಲಿನಿಂದ ಹೊರಟರೆ ತಂಪು ಗಾಳಿ ಕೆಳಗಿನಿಂದ ಬರುತ್ತದೆ. ತೋಟವೂ ಸಹಾಯ ಮಾಡುತ್ತದೆ. ಗಾಜಿನ ಮುಂದೆ ಚಪ್ಪರ ಹಾಕಿ ದ್ರಾಕ್ಷಿ ಬಳ್ಳಿ ಹಬ್ಬಿಸಿದರೆ, ಬೇಸಗೆಯಲ್ಲಿ ಎಲೆಗಳು ನೆರಳು ಕೊಡುತ್ತವೆ. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬಿಸಿಲಿಗೆ ದಾರಿ ಬಿಡುತ್ತದೆ.

ನಮ್ಮಲ್ಲಿ? ಏಪ್ರಿಲ್ ಕೊನೆಯ ವಾರದ ನಡುಹಗಲಲ್ಲಿ ಬೆಂಗಳೂರಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಇಲ್ಲಿ ಬಿಸಿಲುಕೋಣೆ ಕಟ್ಟಿದರೆ ಅದು ಒಲೆಯೇ ಸರಿ. ನಮ್ಮ ಮನೆಗೂ ಅಂಗಳಕ್ಕೂ ನಡುವೆ ಹಿರಿಯರು ಕಟ್ಟಿದ್ದು ಜಗಲಿ. ಅದಕ್ಕೆ ಮೇಲೆ ಮಾಡು, ಮುಂದೆ ಬಯಲು. ನಿಮ್ಮ ಊರಿನ ಹಳೆಯ ಮನೆಯೊಂದರ ಜಗಲಿಯಲ್ಲಿ ಮಧ್ಯಾಹ್ನ 12 ಗಂಟೆಗೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ತಿಂಗಳಿಗೊಮ್ಮೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಮನೆಯವರ ಅಪ್ಪಣೆ ಕೇಳಲು ಮರೆಯಬೇಡಿ.